ಸ್ಲೈಡ್ ನೋಡದೆ ಆಡಿದ ಮಾತು

ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಕೋಲಾರ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ನಾನೇ ವೈದ್ಯಾಧಿಕಾರಿ. ಮೂವತ್ತು ವರ್ಷದ ಅನುಭವವಿತ್ತು, ಅದರ ಜಂಬವೂ ಇತ್ತು. ಮೈ ಕೆರೆಯುವ ನಾಯಿ ಬಾಗಿಲಲ್ಲಿ ಕಂಡರೆ ಸಾಕು, ಕುರ್ಚಿಯಿಂದ ಏಳದೆಯೇ ಔಷಧಿ ಬರೆಯುತ್ತಿದ್ದೆ.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಸುಗಟೂರು ಕಡೆಯ ರತ್ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಆಟೋದಲ್ಲಿ ಕರೆತಂದರು. ಹೆಸರು ರಾಣಿ. ರೇಷ್ಮೆ ಹುಳು ಸಾಕುವ ಮನೆ ಅವರದು. ರಾಣಿಯ ಕಿವಿ, ಕಂಕುಳು, ಹೊಟ್ಟೆ ಕೆಂಪಾಗಿದ್ದವು. ಪಾದಗಳನ್ನು ಬಿಡದೆ ನೆಕ್ಕುತ್ತಿತ್ತು.

“ಕಜ್ಜಿ ಇದು, ಅಂಟುತ್ತೆ. ಹುಳದ ಮನೆ ಹತ್ರ ಸೇರಿಸ್ಬೇಡಿ,” ಎಂದೆ.

“ವರ್ಷಾ ವರ್ಷ ಮಳೆ ಬಿದ್ಮೇಲೆ ಹಿಂಗೇ ಆಗ್ತೈತೆ ಸಾರ್. ಮಗಳ ಪಕ್ಕದಾಗೇ ಮಲಗ್ತೈತೆ, ಅವಳಿಗೇನೂ ಅಂಟಿಲ್ಲ. ಮನೇಲಿರೋ ನಾಟಿ ನಾಯಿಗೂ ಇಲ್ಲ.”

ರೋಗ ಯಾವುದೆಂದು ಆ ತಾಯಿಯೇ ಹೇಳಿಬಿಟ್ಟಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಹತ್ತು ನಿಮಿಷ ಸಾಕಿತ್ತು. ಅದನ್ನೂ ಮಾಡದೆ ಕಜ್ಜಿಯ ಇಂಜೆಕ್ಷನ್ ಕೊಟ್ಟು ಕಳಿಸಿದೆ.

ರೇಷ್ಮೆ ಮನೆಯವರಿಗೆ ಅಂಟು ಎಂದರೆ ಎದೆ ನಡುಗುತ್ತದೆ. ಸೋಂಕು ಹೊಕ್ಕರೆ ಹುಳುಗಳ ಇಡೀ ಬೆಳೆ ಸಾಯುತ್ತದೆ. ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ನೆಲ, ಹುಳು ಮೇಯಿಸುವ ತಟ್ಟೆ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿ ಕಲಸಿದ ಸುಣ್ಣದ ನೀರು. ರತ್ನಮ್ಮನ ಗಂಡ ಮುನಿಯಪ್ಪ ರಾಣಿಯನ್ನು ತೋಟದ ಪಂಪ್‌ಸೆಟ್ ಮನೆ ಹತ್ತಿರ ಕಟ್ಟಿ, ಅದೇ ನೀರನ್ನು ಇನ್ನೂ ಗಟ್ಟಿಯಾಗಿ ಕಲಸಿ ದಿನಕ್ಕೆರಡು ಹೊತ್ತು ಮೈಗೆ ಬಳಿದರು.

ಎಂಟನೆಯ ದಿನ ರಾಣಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ತಂದರು. ಹೊಟ್ಟೆಯ ಚರ್ಮ ಸುಟ್ಟು ಸುಲಿದಿತ್ತು. ಹುಣ್ಣು ಕೀವಾಗಿ ಸೋಂಕು ರಕ್ತಕ್ಕೆ ಇಳಿದಿತ್ತು. ಆಗ ಏಳು ಕಡೆ ಕೆರೆದು ಸ್ಲೈಡ್ ನೋಡಿದೆ. ಕಜ್ಜಿಯ ನುಸಿ ಒಂದೂ ಇರಲಿಲ್ಲ. ಮಳೆಗಾಲಕ್ಕೆ ಮಾತ್ರ ಬರುವ, ಜೊತೆಗಿದ್ದವರಿಗೆ ತಗುಲದ ಆ ತುರಿಕೆ ಅಲರ್ಜಿ. ಧೂಳು, ಪರಾಗ, ಬೂಷ್ಟಿನಂಥವನ್ನು ಮೈ ಶತ್ರುವೆಂದು ತಿಳಿದು ಕೆರಳುತ್ತದೆ. ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್‌ನಂಥ ತಳಿಗಳಿಗೆ ಅದು ವಂಶಪಾರಂಪರ್ಯವಾಗಿ ಬರುವ ಸಾಧ್ಯತೆ ಹೆಚ್ಚು. ಪೂರ್ತಿ ವಾಸಿಯಾಗದಿದ್ದರೂ ಔಷಧಿಯಿಂದ ಹತೋಟಿಯಲ್ಲಿಟ್ಟು ಆಯುಷ್ಯ ಇರುವಷ್ಟು ದಿನ ಬದುಕಿಸಬಹುದು.

ಡ್ರಿಪ್ ಏರಿಸಿದೆ. ಮಧ್ಯಾಹ್ನಕ್ಕೆ ಉಸಿರು ನಿಂತಿತು.

“ಅಂಟು ಹೋಗ್ಲಿ ಅಂತ ಬಳಿದ್ವಿ ಸಾರ್,” ಎಂದರು ಮುನಿಯಪ್ಪ.

“ಅದು ಅಂಟುರೋಗ ಅಲ್ಲ ಮುನಿಯಪ್ಪ. ತಪ್ಪು ನನ್ನದು.”

ರತ್ನಮ್ಮ ಗೋಣಿಚೀಲದ ಅಂಚನ್ನು ರಾಣಿಯ ಮೇಲೆ ಎಳೆದರು. “ಎಂಟು ದಿನ ಮಗಳನ್ನ ಅದರ ಹತ್ರ ಬಿಡ್ಲಿಲ್ಲ ಸಾರ್. ಅವಳನ್ನ ನೋಡಿ ಹಗ್ಗ ಜಗ್ತಿತ್ತು. ಅವಳಿಗೆ ನೀವೇ ಬಂದು ಹೇಳಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ಸಂಜೆಯೇ ಹೋಗಿ ಹೇಳಿದೆ. ಹನ್ನೊಂದು ವರ್ಷದ ಆ ಹುಡುಗಿ ಅಳಲಿಲ್ಲ.

“ಹಂಗಾದ್ರೆ ಮುಟ್ಬೋದಿತ್ತಾ?” ಎಂದಳು.

“ಮುಟ್ಬೋದಿತ್ತಮ್ಮ,” ಎಂದೆ.

ಉಳಿದ ಎರಡು ವರ್ಷ, ಸ್ಲೈಡ್ ನೋಡದೆ ಯಾವ ನಾಯಿಯನ್ನೂ ದೂರ ಕಟ್ಟಿ ಎಂದು ನಾನು ಹೇಳಲಿಲ್ಲ.