ಜೈಲಿನ ಹೊಲಿಗೆ

ಕಟಕಟ, ಕಟಕಟ, ಆಮೇಲೆ ಗಕ್ಕನೆ ಮೌನ. ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ವರಾಂಡದಿಂದ ಬರುತ್ತಿದ್ದ ಹೊಲಿಗೆ ಮಷೀನಿನ ಸದ್ದು ಅದು. ಕಳ್ಳತನಕ್ಕೆ ಜೈಲು ಸೇರಿ, ಅಲ್ಲೇ ಹೊಲಿಗೆ ಕಲಿತು ಬಂದವನು ಆ ಟೈಲರ್. ತೆರೆದ ಬಾಗಿಲ ಮುಂದೂ ನಿಂತು, "ಒಳಗ ಬರ್ಲೇನ್ರಿ?" ಎನ್ನುವನು. ಮಷೀನು ಕೊಟ್ಟವಳು ಪಕ್ಕದ ಮನೆಯಾಕೆ. ಫಸ್ಟ್ ಆರ್ಡರ್ ಕೊಟ್ಟವಳು ಮಾತ್ರ ನಾನು.

ಕೈದಿಗಳ ಅಂಗಿಯನ್ನಷ್ಟೇ ಹೊಲಿದು ಗೊತ್ತಿದ್ದ ಕೈ. ನಮ್ಮಿಬ್ಬರ ಬ್ಲೌಸುಗಳೂ ಅಂಗಿಯಂತೆ ದೊಗಳೆಯಾಗಿ ಬಂದವು. ನಾನು ಕಾನ್ವೆಂಟಿನಲ್ಲಿ ಓದಿದವಳಲ್ಲವೇ, "ವೆರಿ ನೈಸ್" ಎಂದು ಮಡಿಚಿಟ್ಟೆ. ಆಕೆ ತೊಟ್ಟುಕೊಂಡೇ ಓಣಿಗೆ ಬಂದಳು.

"ನೋಡ್ರಿ, ನನಗೂ ಸಜಾ ಆಗ್ಯಾದ! ಏ ಕಳ್ಳಾ, ಬಿಚ್ಚಿ ಹೊಲಿ ಇದನ್ನ!"

ಅವನು ನಕ್ಕದ್ದನ್ನು ಅಂದೇ ಮೊದಲು ನೋಡಿದೆ. ಅಂದಿನಿಂದ ಆಕೆ ಅವನಿಗೆ "ಅವ್ವ". ನಾನು "ಮೇಡಂ".

ಮರುದಿನವೇ ಹಳೆಯ ಜೊತೆಗಾರನೊಬ್ಬ ಬೈಕಿನಲ್ಲಿ ಬಂದ. "ಸೂಜಿ ಹಿಡ್ದು ಏನ್ ಗಳಸ್ತಿ? ನಡಿ ದೋಸ್ತ, ಮೊದಲಿನ ಧಂದಾಕ್ಕ."

ಇವನು ಮಷೀನಿನಿಂದ ತಲೆ ಎತ್ತಲಿಲ್ಲ. "ಅವ್ವನ ಜಂಪರ್ ಹೊಲೀಲಿಕತ್ತೀನಿ. ನೀ ಹೋಗು."

ಕಿಟಕಿಯಲ್ಲಿ ನಿಂತಿದ್ದ ನನಗೆ ಹೊಟ್ಟೆ ಉರಿಯಿತು. ಅದು ನನ್ನ ಬ್ಲೌಸ್ ಆಗಬಾರದಿತ್ತೇ!

ಅವನನ್ನು ಕೊನೆಯ ಸಲ ನೋಡಿದ್ದು ಶಹಾಬಾದಿನಲ್ಲಿ, ಅವನದೇ ಅಂಗಡಿಯಲ್ಲಿ. ಆಕೆಯದೊಂದು, ನನ್ನದೊಂದು ಬ್ಲೌಸ್ ಪೀಸ್ ಒಯ್ದಿದ್ದೆ. ಆಕೆಯದನ್ನು ಏನೂ ಕೇಳದೆ ಮೇಜಿನ ಮೇಲೆ ಹರಡಿ ಕತ್ತರಿ ಹಚ್ಚಿದ. ನನ್ನದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಭಾಳ ಮರ್ಯಾದೆಯಿಂದ ಕೇಳಿದ:

"ಅಳತಿ ಜಂಪರ್ ತಂದೀರೇನ್ರಿ, ಮೇಡಂ?"