ಕಾಣುವ ತೇಪೆ

ನಮ್ಮ ಭಾವ ಟೈಲರ್. ಮೂವತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಮೆಷಿನ್, ಒಂದೇ ಜಂಬ. ಆ ಜಂಬ ಏನೆಂದರೆ, ಅವರು ಹಾಕಿದ ತೇಪೆ ಯಾರಿಗೂ ಕಾಣುವುದಿಲ್ಲ. ಹರಿದ ಅಂಗಿ ಕೊಟ್ಟು ಹೋದವರು ವಾಪಸ್ ತೆಗೆದುಕೊಳ್ಳುವಾಗ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಇದು ನಂದೇನಾ?" ಎಂದು ಕೇಳಬೇಕು. ಆಗ ಭಾವ ಕನ್ನಡಕ ಹಣೆಗೇರಿಸಿ, ಉತ್ತರ ಕೊಡದೆ, ಮೆಷಿನ್ ತುಳಿಯುತ್ತಾರೆ. ರಾಜನಿಗೂ ಅಷ್ಟು ಬಿಗುಮಾನ ಇರಲಿಕ್ಕಿಲ್ಲ. ನಾನು ಅವರ ಹೆಂಡತಿಯ ತಮ್ಮ, ಪಕ್ಕದ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಊಟ ಅಕ್ಕನ ಮನೆಯಲ್ಲೇ. ಹಾಗಾಗಿ ಈ ಜಂಬವನ್ನು ದಿನಕ್ಕೆ ಎರಡು ಹೊತ್ತು ಉಂಡವನು ನಾನು.

ಆ ವರ್ಷ ಎಣ್ಣೆ ಏರಿತು, ಗ್ಯಾಸ್ ಏರಿತು, ಹಾಲು ಏರಿತು. ಏರದೆ ಉಳಿದದ್ದು ಜನರ ಸಂಬಳ ಮತ್ತು ನಮ್ಮ ಬೀದಿಯ ನಲ್ಲಿಯ ನೀರು. ಬೆಲೆ ನೋಡಿಕೊಳ್ಳುವ ಖಾತೆಯ ಮಂತ್ರಿ ನಮ್ಮ ಊರಿನವರೇ. ಅವರು ನೋಡುತ್ತಲೇ ಇದ್ದರು. ಕೊನೆಗೆ ಒಂದು ದಿನ ಟೀವಿಯಲ್ಲಿ ಬಂದು, ಮೊಣಕೈ ಎತ್ತಿ, ಅಂಗಿಯ ತೇಪೆ ತೋರಿಸಿದರು. "ಈ ಅಂಗಿಗೆ ಹನ್ನೆರಡು ವರ್ಷ. ಹರಿದ್ರೆ ತೇಪೆ ಹಾಕಿಸ್ತೀನಿ, ಹೊಸದು ತಗೊಳ್ಳಲ್ಲ. ನಾನು ಸಹಿಸ್ಕೊಂಡಿದೀನಿ, ನೀವೂ ಸ್ವಲ್ಪ ಸಹಿಸ್ಕೊಳ್ಳಿ" ಎಂದರು.

ನಮ್ಮಕ್ಕ ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಮರುದಿನದಿಂದ ಟೀಗೆ ಹಾಲು ನಿಂತಿತು. ಬೆಳಿಗ್ಗೆ ಒಂದೇ ಸಲ ಒಲೆ ಹಚ್ಚಿ ಎರಡು ಹೊತ್ತಿಗೂ ಬೇಯಿಸಿಡತೊಡಗಿದಳು. ಸಂಜೆಯ ಊಟ ಕಲ್ಲಿನ ಹಾಗೆ ತಣ್ಣಗೆ. ನಾನು ಗೊಣಗಿದರೆ, "ಮಂತ್ರಿ ಆದವ್ರೇ ತೇಪೆ ಅಂಗಿ ಹಾಕ್ಕೊಂಡಿದಾರೆ, ನಿಂದೇನೋ ದೊಡ್ಡ ನಾಲಿಗೆ?" ಎನ್ನುತ್ತಿದ್ದಳು. ಮಂತ್ರಿ ಕಳ್ಳ ಎಂದು ಬಾಯಿ ತಪ್ಪಿ ಅಂದ ಪಕ್ಕದ ಮನೆಯವಳ ಜೊತೆ ಮಾತು ಬಿಟ್ಟಳು. ಇಪ್ಪತ್ತು ವರ್ಷದ ಸ್ನೇಹ ಅದು. ಭಾವ ಮಾತ್ರ ಚಕಾರ ಎತ್ತದೆ ತಣ್ಣಗಿನದನ್ನು ನುಂಗುತ್ತಿದ್ದರು. ಎಷ್ಟು ತಾಳ್ಮೆ ಇವರಿಗೆ ಎಂದುಕೊಂಡಿದ್ದೆ.

ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಒಂದು ಮಧ್ಯಾಹ್ನ ಸಣ್ಣ ಸೂಜಿ ಕೇಳಲು ಅವರ ಅಂಗಡಿಯ ಪರದೆ ಸರಿಸಿದೆ. ಭಾವನ ತೊಡೆಯ ಮೇಲೆ ಹೊಚ್ಚ ಹೊಸ ಬಿಳಿ ಅಂಗಿ. ಬಟ್ಟೆ ಎಂಥದೆಂದರೆ ಮುಟ್ಟಿದರೆ ಬೆರಳು ಜಾರಬೇಕು. ಅದರ ಮೊಣಕೈಗೆ, ತೂತಿಲ್ಲದ ಜಾಗಕ್ಕೆ, ಭಾವ ತೇಪೆ ಹಾಕುತ್ತಿದ್ದರು.

"ಭಾವ, ಇದೇನಿದು?"

"ನೋಡಯ್ಯಾ, ಬಾಯಿ ಹೊಲ್ಕೊಂಡಿರು" ಎಂದರು. ಆಮೇಲೆ ಅವರಿಗೇ ತಡೆಯಲಾಗದೆ ಎಲ್ಲ ಹೇಳಿದರು. ಹೊಸ ಬಟ್ಟೆ ಹೊಲಿಸುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಅಂಗಡಿಯ ಬಾಡಿಗೆ ಕುತ್ತಿಗೆಗೆ ಬಂದಿತ್ತು. ಆ ಹೊತ್ತಿಗೆ ಮಂತ್ರಿಯ ಆಪ್ತ ಕಾರ್ಯದರ್ಶಿ ಹಿಂಬಾಗಿಲಿನಿಂದ ಬಂದು ಹೊಸ ಅಂಗಿ ಹೊಲಿದು ಅದಕ್ಕೆ ತೇಪೆ ಹಾಕುವ ಈ ಕೆಲಸ ಕೊಟ್ಟನಂತೆ. ಭಾವ ಮೊದಲನೆಯ ಅಂಗಿಗೆ ತೇಪೆ ಹಾಕಿ ಕೊಟ್ಟರೆ ಆತ ಹತ್ತು ನಿಮಿಷ ಹುಡುಕಿ, "ಎಲ್ರೀ ತೇಪೆ?" ಎಂದು ರೇಗಿದನಂತೆ. ಕಾಣಬೇಕು, ಟೀವಿಯಲ್ಲಿ ಕಾಣಬೇಕು, ಸಭೆಯ ಕೊನೇ ಸಾಲಿಗೂ ಕಾಣಬೇಕು. ಭಾವ ಮೂರು ಸಲ ಬಿಚ್ಚಿ ಮೂರು ಸಲ ಹಾಕಿದರು. ಒಂದೊಂದು ಸಲವೂ ಕೈ ತಾನಾಗಿ ಒಳ್ಳೆಯ ಹೊಲಿಗೆಗೇ ಹೋಗುತ್ತಿತ್ತು. ಕೊನೆಗೆ ಬೇರೆ ಬಣ್ಣದ ದಾರ ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡು ಹೊಲಿದರಂತೆ. ಕಾರ್ಯದರ್ಶಿ ಖುಷಿಯಾದ.

"ಅಕ್ಕಂಗೆ ಗೊತ್ತಾ?"

"ಸ್ಕೂಲ್ ಯೂನಿಫಾರಂ ಕೆಲಸ ಅಂತ ಹೇಳಿದೀನಿ."

ಯಾವಾಗಲೂ ಗುಂಡಿಯ ಕಾಜ ಮಾಡುವವಳು ಅಕ್ಕ. ಈ ಅಂಗಿಗಳ ಕಾಜವನ್ನು ಮಾತ್ರ ಅವಳ ಕೈಗೆ ಸಿಗದಂತೆ ಭಾವನೇ ಮಾಡಿ ಬೆರಳು ಚುಚ್ಚಿಕೊಂಡಿದ್ದರು. ಅಕ್ಕ ಆ ಬೆರಳಿಗೆ ಅರಿಸಿನ ಹಚ್ಚಿ, ಯಾರದೋ ಮಕ್ಕಳ ಯೂನಿಫಾರಂಗೆ ಶಾಪ ಹಾಕಿದ್ದಳು. ನಾನು ಬಾಯಿ ಹೊಲಿದುಕೊಂಡೆ. ಅದಕ್ಕೆ ಪ್ರತಿಯಾಗಿ ಭಾವ ನನ್ನ ಸಡಿಲ ಪ್ಯಾಂಟಿನ ಸೊಂಟವನ್ನು ಪುಕ್ಕಟೆ ಹಿಡಿದು ಹೊಲಿದುಕೊಟ್ಟರು. ದೊಡ್ಡವರ ಬಗ್ಗೆ ಮಾತಾಡುವಾಗ ನನಗೆ ನಾಲಿಗೆ ಉದ್ದ. ನನ್ನ ಬೆಲೆ ಇಷ್ಟೇ.

ಹೀಗಿರುವಾಗ ಪತ್ರಿಕೆಯೊಂದು ಮಂತ್ರಿಯ ಭಾಮೈದನ ಗೋದಾಮಿನ ಫೋಟೋ ಹಾಕಿತು. ಊರಿನ ಅಂಗಡಿಗಳಲ್ಲಿ ಇಲ್ಲದ ಎಣ್ಣೆ ಡಬ್ಬಗಳೆಲ್ಲ ಅಲ್ಲಿ ಸೂರು ಮುಟ್ಟುವಂತೆ ನಿಂತಿದ್ದವು. ಭಾಮೈದ ಎಂದರೆ ಹೀಗಿರಬೇಕು ಎಂದುಕೊಂಡೆ. ರಾಜೀನಾಮೆ ಕೊಡಿ ಎಂದು ಜನ ಬೀದಿಗಿಳಿದರು. ಮಂತ್ರಿ ಗೋದಾಮಿನ ಸುದ್ದಿಯೇ ಎತ್ತಲಿಲ್ಲ. "ನನ್ನ ಬದುಕು ತೆರೆದ ಪುಸ್ತಕ. ಈ ಅಂಗಿಗೆ ತೇಪೆ ಹಾಕಿದ ಬಡವನನ್ನೇ ನಿಮ್ಮ ಮುಂದೆ ನಿಲ್ಲಿಸ್ತೀನಿ, ಕೇಳ್ಕೊಳ್ಳಿ" ಎಂದು ಭಾನುವಾರ ಮೈದಾನದಲ್ಲಿ ಸಭೆ ಕರೆದರು.

ವೇದಿಕೆಗೆ ಬರಬೇಕೆಂದು ಭಾವನಿಗೆ ಮನೆಗೇ ಕರೆ ಬಂತು. ಸುದ್ದಿ ಕೇಳಿ ಅಕ್ಕ ಕುಣಿಯುವುದೊಂದು ಬಾಕಿ. "ರೀ, ಅವರ ಅಂಗಿಗೆ ತೇಪೆ ಹಾಕ್ತಿದ್ದವರು ನೀವಾ? ಹೇಳಲೇ ಇಲ್ವಲ್ಲ! ನಾನೂ ಒಂದು ಗುಂಡಿ ಹಾಕ್ತಿದ್ದೆ" ಎಂದಳು. ಭಾವ ನನ್ನ ಮುಖ ನೋಡಿದರು. ಆ ಗಳಿಗೆಯಲ್ಲಿ ಹೇಳಬಹುದಿತ್ತು. ಅವರು "ಕೆಲಸ ಇದೆ" ಎಂದು ಎದ್ದು ಹೋದರು.

ಭಾನುವಾರ ಅಕ್ಕ ಮೊದಲನೇ ಸಾಲಿನಲ್ಲಿ ಕುಳಿತಳು, ನಾನು ಅವಳ ಪಕ್ಕ. ವೇದಿಕೆಯ ಮೇಲೆ ಮಂತ್ರಿ ಭಾವನ ಹೆಗಲ ಮೇಲೆ ಕೈ ಹಾಕಿ ಮೊಣಕೈ ಎತ್ತಿದರು. "ಹೇಳಿ, ಈ ತೇಪೆ ಹಾಕಿದ್ದು ನೀವೇ ತಾನೇ?"

"ಹೌದು, ನಾನೇ" ಎಂದರು ಭಾವ.

ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯುತ್ತಲೂ ಇತ್ತು. ಅಷ್ಟರಲ್ಲಿ ಒಬ್ಬ ಪತ್ರಕರ್ತೆ ಹತ್ತಿರ ಬಂದು ಬಗ್ಗಿ ನೋಡಿ, "ಅಯ್ಯೋ, ಇಷ್ಟು ಕೆಟ್ಟ ಹೊಲಿಗೆನಾ? ಟೈಲರ್‌ಗೆ ಕಣ್ಣು ಕಾಣಲ್ವಾ?" ಎಂದು ನಕ್ಕಳು. ಸುತ್ತಲಿನವರೂ ನಕ್ಕರು.

ಭಾವನ ಕಿವಿ ಕೆಂಪಾಯಿತು. ಅವರನ್ನು ಕಳ್ಳ ಎಂದಿದ್ದರೆ ಸಹಿಸುತ್ತಿದ್ದರು. "ಏನಮ್ಮಾ, ಯಾರ ಹೊಲಿಗೆಗೆ ಹೆಸರಿಡ್ತೀಯ? ಹರಿದಿದ್ದರೆ ನಿನ್ನಪ್ಪನಿಗೂ ಕಾಣದ ಹಾಗೆ ಹಾಕ್ತಿದ್ದೆ. ಹರಿದೇ ಇರ್ಲಿಲ್ಲ! ಹೊಸಾ ಅಂಗಿ! ಕಾಣೋ ಹಾಗೆ ಹಾಕು ಅಂದ್ರು, ಹಾಕ್ದೆ!"

ಮೈಕು ಅದನ್ನು ಇಡೀ ಮೈದಾನಕ್ಕೆ ಹಂಚಿತು. ಮಂತ್ರಿಯ ಬಣ್ಣ ಹೋಯಿತು, ಆದರೆ ಎರಡೇ ಕ್ಷಣ. ಮರುಕ್ಷಣ ಭಾವನನ್ನು ತಬ್ಬಿಕೊಂಡು, "ನೋಡಿದ್ರಾ! ನನ್ನ ಜೊತೆ ಇರೋ ಟೈಲರ್ ಕೂಡ ಸುಳ್ಳು ಹೇಳಲ್ಲ! ಇಂಥ ಪ್ರಾಮಾಣಿಕರನ್ನ ಇಟ್ಕೊಂಡಿರೋನು ಕಳ್ಳ ಆಗ್ತಾನಾ?" ಎಂದು ಕೂಗಿದರು. ಎಲ್ಲೋ ಹಿಂದಿನಿಂದ ಒಂದು ಚಪ್ಪಾಳೆ, ಆಮೇಲೆ ಹತ್ತು, ಆಮೇಲೆ ಎಲ್ಲರೂ. ಮೂವತ್ತು ವರ್ಷ ತೇಪೆ ಹಾಕಿದ ನಮ್ಮ ಭಾವನಿಗೂ ಅಷ್ಟು ಚೆನ್ನಾಗಿ ಹಾಕಲು ಬರುವುದಿಲ್ಲ. ಆ ಮನುಷ್ಯ ಇವತ್ತಿಗೂ ಮಂತ್ರಿಯೇ.

ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಎದ್ದು ಮನೆಗೆ ನಡೆದಳು. ನಾವು ಹೋದಾಗ ಅಡುಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

"ಎಷ್ಟು ಅಂಗಿ?"

"ಹನ್ನೊಂದು" ಎಂದರು ಭಾವ.

ಅವಳು ನನ್ನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ?" ನಾನು ನನ್ನ ಕಾಲಿನ ಹೆಬ್ಬೆರಳು ನೋಡಿಕೊಂಡೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

"ನಿನ್ನ ನಂಬಿಕೆ ಕೆಡಿಸೋದು ಬೇಡ ಅಂತ..." ಎಂದರು ಭಾವ.

"ಯಾರ ಮೇಲಿನ ನಂಬಿಕೆ?"

ಅಕ್ಕ ಕೈ ಒರೆಸಿಕೊಂಡಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

"ಅವನು ಊರಿಗೆಲ್ಲ ಸುಳ್ಳು ಹೇಳ್ದ. ಊರಿಗೆ ಬೇಡ ಅನ್ನಿಸಿದ್ರೆ ಐದು ವರ್ಷಕ್ಕೊಂದು ಚುನಾವಣೆ ಬರತ್ತೆ, ಇಳಿಸ್ತಾರೆ. ನೀವು ನನ್ನೊಬ್ಬಳಿಗೆ ಹೇಳಿದ್ರಿ. ನಿಮ್ಮನ್ನ ನಾನೇನು ಮಾಡ್ಲಿ, ಹೇಳಿ?"

ಭಾವ ಕನ್ನಡಕ ಹಣೆಗೇರಿಸಿದರು. ತುಳಿಯಲು ಅಡುಗೆಮನೆಯಲ್ಲಿ ಮೆಷಿನ್ ಇರಲಿಲ್ಲ.