ಬೇಡ ಎಂದ ಖರ್ಚಿ

ನಾನು ಬೇಡ ಎಂದೆ. ಮಾಸ್ಟರ್ ಡ್ರಾಯರ್ ಮುಚ್ಚಿ ಮುಂದಿನವರ ಹೆಸರು ಕರೆದೇಬಿಟ್ಟರು. ಮುಂಬೈಯ ಅಂಧೇರಿಯಲ್ಲಿ ಸಿನಿಮಾದವರ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅದು ನನ್ನ ಮೊದಲ ಶನಿವಾರ. ಗೋರೆಗಾಂವ್‌ನ ಚಾಳಿನಲ್ಲಿ ಆರು ವರ್ಷದ ಮಗಳು ಸನಾಳನ್ನು ಪಕ್ಕದ ಮನೆಯವರ ಬಳಿ ಬಿಟ್ಟುಬಂದಿದ್ದೆ. ಮನೆಯ ಡಬ್ಬಿಯಲ್ಲಿ ಒಂದು ಹೊತ್ತಿನ ಹಿಟ್ಟಿತ್ತು. ಪರ್ಸಿನಲ್ಲಿ ಲೋಕಲ್ ರೈಲಿನ ಪಾಸು ಬಿಟ್ಟರೆ ಏನೂ ಇರಲಿಲ್ಲ.

ನಮ್ಮ ವಿಜಯಪುರದಲ್ಲಿ ದೊಡ್ಡವರು ‘ಖರ್ಚಿಗೆ ಇರ್ಲಿ’ ಎಂದು ನೋಟು ಚಾಚಿದರೆ ಕೈ ಹಿಂದೆಳೆದುಕೊಳ್ಳಬೇಕು. ಎರಡು ಸಲ ಬೇಡವೆನ್ನಬೇಕು. ಮೂರನೇ ಸಲ ಅವರೇ ಮುಷ್ಟಿಗೆ ತುರುಕುತ್ತಾರೆ. ಮೊದಲ ಮಾತಿಗೇ ಕೈಯೊಡ್ಡಿದವರನ್ನು ಆಸೆಬುರುಕರೆನ್ನುತ್ತಾರೆ. ಇಲ್ಲಿ ‘ಖರ್ಚಿ’ ಎಂದರೆ ನಮ್ಮದೇ ಕೂಲಿಯಲ್ಲಿ ವಾರದ ಹೊಟ್ಟೆಪಾಡಿಗೆ ಕೊಡುವಷ್ಟು. ಉಳಿದದ್ದು ಊರಿಗೆ ಹೋಗುವಾಗ. ಸೇರುವ ದಿನವೇ ಇದನ್ನು ಹೇಳಿದ್ದರು. ಆದರೂ ಬಿಳಿಗಡ್ಡದ ಮಾಸ್ಟರ್ “ಖರ್ಚಿ ಚಾಹಿಯೇ?”, ಬೇಕಾ, ಎಂದಾಗ ನನ್ನ ಹಾಳು ನಾಲಿಗೆ “ರಹನೇ ದೋ”, ಇರಲಿ ಬಿಡಿ, ಎಂದಿತು. ಅವರು ಇನ್ನೊಮ್ಮೆ ಕೇಳುತ್ತಾರೆಂದು ನಿಂತೆ. ಕೇಳಲಿಲ್ಲ.

ಮೆಟ್ಟಿಲವರೆಗೆ ಬಂದು ಖಾಲಿ ಪರ್ಸು ಹಿಡಿದು ನಿಂತುಬಿಟ್ಟೆ. ಪಕ್ಕದ ಮಷಿನ್ನಿನ, ಬೆಳಗಾವಿಯ ಸಾವಿತ್ರಕ್ಕ ಚಪ್ಪಲಿ ಮೆಟ್ಟುತ್ತಿದ್ದವಳು ನನ್ನ ಮುಖ ನೋಡಿದಳು.

“ಯಾಕ ಶಮಾ, ಹಿಂಗ್ಯಾಕ ನಿಂತಿ?”

ಹೇಳಿದೆ. ಅವಳು ಹಣೆ ಬಡಿದುಕೊಂಡಳು.

“ಇಲ್ಲಿ ಬ್ಯಾಡ ಅಂದ್ರ ಬ್ಯಾಡಂತನ ತಿಳೀತಾರವ್ವ. ಒತ್ತಾಯ ಮಾಡಾಕ ಅವ್ರೇನು ನಿಮ್ಮ ಸೋದರಮಾವನ? ಹೋಗು, ಬಾಯಿ ಬಿಟ್ಟು ಕೇಳು.”

ಆ ಹತ್ತು ಹೆಜ್ಜೆ ಹಿಂತಿರುಗುವಾಗ ಪಟ್ಟ ಸಂಕಟವನ್ನು ಊರು ಬಿಡುವಾಗಲೂ ಪಟ್ಟಿರಲಿಲ್ಲ. ಬೇಡವೆಂದವಳೇ ಬೇಕೆಂದರೆ ಏನೆಂದುಕೊಳ್ಳುತ್ತಾರೆ? ಕೇಳದಿದ್ದರೆ ನಾಳೆ ಸನಾಳಿಗೆ ಏನು ಹಾಕಲಿ? ಮತ್ತೆ ಅವರೆದುರು ನಿಂತು, “ಮಾಸ್ಟರ್ಜೀ, ಚಾಹಿಯೇ” ಎಂದೆ.

“ಪಹಲೇ ಬೋಲ್ನಾ ಥಾ ನಾ,” ಮೊದಲೇ ಹೇಳಬೇಕಿತ್ತಲ್ಲ, ಎಂದು ಅವರು ಎಣಿಸಿ ಕೊಟ್ಟರು. ಮುಖದಲ್ಲಿ ಬೇಸರವಿರಲಿಲ್ಲ, ನಗುವೂ ಇರಲಿಲ್ಲ. ಅಂದು ಹಿಟ್ಟಿನ ಜೊತೆ ನಾಲ್ಕು ಮೊಟ್ಟೆಯನ್ನೂ ಕೊಂಡೆ.

ಎರಡು ವರ್ಷಗಳ ಮೇಲೆ ಈ ಸಲ ಈದ್‌ಗೆ ಊರಿಗೆ ಹೋಗಿದ್ದೆವು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸನಾಳತ್ತ ಐನೂರರ ನೋಟು ಚಾಚಿ, “ಲೇ ಬೇಟಿ, ಖರ್ಚೇಕೂ ರಖ್ ಲೇ”, ಖರ್ಚಿಗೆ ಇಟ್ಟುಕೋ ಮಗಳೇ, ಎಂದ. ಅವಳು “ಥ್ಯಾಂಕ್ಯೂ ಮಾಮು” ಎಂದು ತಕ್ಷಣ ಇಸಿದುಕೊಂಡು ಜೇಬಿಗೆ ಹಾಕಿದಳು. ಒತ್ತಾಯಿಸಲು ಸಿದ್ಧವಾಗಿದ್ದ ಅಣ್ಣನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಅವನು ನನ್ನ ಮುಖ ನೋಡಿದ. ಮಗಳೂ ನೋಡಿದಳು. ಗದರಬೇಕೆಂದು ಬಾಯಿ ತೆರೆದೆ. ಊರಿನ ಪರವಾಗಿ ಗದರಬೇಕೋ, ಮುಂಬೈಯ ಪರವಾಗಿ ಬೆನ್ನು ತಟ್ಟಬೇಕೋ ತೋಚಲಿಲ್ಲ.